ಬೀದರ್ ಆಕಾಶದಲ್ಲಿ ಎಷ್ಟು ಗಿಡುಗ? ಬೇವಿನ ಗಿಡದ ಶಿಕ್ರಾದಿಂದ ಹಾಕ್ ವಿಮಾನದವರೆಗೆ

[ದೃಶ್ಯ: ಬೀದರ್ ಕೋಟೆಯ ಗೋಡೆ, ಅದರ ಮೇಲೆ ಬರೀ ಆಕಾಶ. ದೂರದಿಂದ ಜೆಟ್ ವಿಮಾನದ ಸದ್ದು.]

ಎಲ್ಲರಿಗೂ ನಮಸ್ಕಾರ.

ಈ ಸದ್ದು ಬೀದರ್‌ನವರಿಗೆ ಹೊಸದಲ್ಲ. ಶಾಲೆಯಲ್ಲಿ ಪಾಠ ನಡೀತಿರುತ್ತದೆ, ಗಾಂಧಿ ಗಂಜ್‌ನಲ್ಲಿ ಸೋಯಾ ಚೀಲ ಇಳಿಸ್ತಿರುತ್ತಾರೆ, ಮೇಲೆ ಜೆಟ್ ಹೋಗುತ್ತದೆ. ಊರಿನವರು ಯಾರೂ ತಲೆ ಎತ್ತುವುದಿಲ್ಲ. ಹೊರಗಿನಿಂದ ಬಂದ ನೆಂಟರು ಮಾತ್ರ ಅಂಗಳಕ್ಕೆ ಓಡಿ ಬಂದು ನೋಡುತ್ತಾರೆ. ಆ ವಿಮಾನದ ಹೆಸರು ಹಾಕ್. ಅಂದರೆ ಗಿಡುಗ.

ಗಿಡುಗ ಅಂದ ತಕ್ಷಣ ನಮಗೆ ನೆನಪಾಗುವುದು ವೇಗ, ಬೇಟೆ, ಚೂಪಾದ ಉಗುರು. ಸೇನೆಯವರು, ರಾಜರು ಈ ಹೆಸರು ಇಟ್ಟುಕೊಂಡಿದ್ದೂ ಅದಕ್ಕೇ. ಆದರೆ ನಮ್ಮ ಭಾಗದ ಮಟ್ಟಿಗೆ ಈ ಹೆಸರಿನ ಜೊತೆ ಇನ್ನೊಂದು ವಿಷಯ ಗಟ್ಟಿಯಾಗಿ ಅಂಟಿಕೊಂಡಿದೆ. ಅದು ತರಬೇತಿ. ಸುಮಾರು 900 ವರ್ಷಗಳ ಹಿಂದೆ ಬಸವಕಲ್ಯಾಣದಲ್ಲಿ ಗಿಡುಗಕ್ಕೆ ಮನುಷ್ಯ ಕಲಿಸುತ್ತಿದ್ದ. ಇವತ್ತು ಬೀದರ್‌ನಲ್ಲಿ ಗಿಡುಗದ ಹೆಸರಿನ ಯಂತ್ರ ಮನುಷ್ಯನಿಗೆ ಕಲಿಸುತ್ತಿದೆ. ಎರಡು ಊರಿನ ನಡುವೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು.

ಮೊದಲು ಹಕ್ಕಿಯಿಂದಲೇ ಶುರು ಮಾಡೋಣ.

[ದೃಶ್ಯ: ಬೇವಿನ ಗಿಡದ ಕೊಂಬೆ. ಎಲೆಗಳ ಮರೆಯಲ್ಲಿ ಕೂತ ಶಿಕ್ರಾ. ನಿಧಾನ ಜೂಮ್.]

ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವ ಗಿಡುಗ ಶಿಕ್ರಾ. ಇದು ತುಂಬಾ ದೊಡ್ಡ ಹಕ್ಕಿಯೇನಲ್ಲ. ಉದ್ದ 26ರಿಂದ 30 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಪಾರಿವಾಳದಷ್ಟು. ಬೆನ್ನು ಬೂದಿ ಬಣ್ಣ. ಎದೆ ಮೇಲೆ ಒತ್ತೊತ್ತಾಗಿ ತಿಳಿಗಂದು ಅಡ್ಡ ಗೆರೆಗಳು. ಗಂಟಲಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಕಡುಬಣ್ಣದ ಗೆರೆ. ಉದ್ದ ಬಾಲದ ಮೇಲೆ ಕಪ್ಪು ಪಟ್ಟಿಗಳು. ಈಗ ಕಣ್ಣು ನೋಡಿ. ಕಣ್ಣು ಕೆಂಪಾಗಿದ್ದರೆ ಗಂಡು, ಹಳದಿ ಅಥವಾ ಕಿತ್ತಳೆ ಬಣ್ಣವಿದ್ದರೆ ಹೆಣ್ಣು. ಗಿಡುಗಗಳಲ್ಲಿ ಹೆಣ್ಣೇ ಗಾತ್ರದಲ್ಲಿ ದೊಡ್ಡದು. ಗೂಡಿನಲ್ಲಿ ಕಾವು ಕೊಡುವ ಕೆಲಸ ಹೆಚ್ಚಾಗಿ ಹೆಣ್ಣಿನದು, ಆ ದಿನಗಳಲ್ಲಿ ಬೇಟೆ ತಂದುಕೊಡುವುದು ಗಂಡು.

ಇದು ಬೇಟೆಯಾಡುವ ರೀತಿ ಗಮನಿಸಿ. ಆಕಾಶದಲ್ಲಿ ಸುತ್ತು ಹಾಕುತ್ತಾ ಕೂಗುವುದು ಬಹುತೇಕ ಹದ್ದು. ಶಿಕ್ರಾ ಎಲೆ ಮರೆಯಲ್ಲಿ ಅಲುಗಾಡದೆ ಕೂರುತ್ತದೆ. ಕೆಳಗೆ ಬೇಲಿ ಮೇಲೆ ಓತಿಕ್ಯಾತ ಬಿಸಿಲು ಕಾಯಿಸುತ್ತಿರುತ್ತದೆ. ಶಿಕ್ರಾ ಕತ್ತು ಸ್ವಲ್ಪ ಮುಂದೆ ಚಾಚುತ್ತದೆ, ರೆಕ್ಕೆ ಪಟಪಟ ಬಡಿದು ನೆಲಕ್ಕೆ ಹತ್ತಿರವಾಗಿ ಹಾರುತ್ತದೆ, ಕೊನೆಯಲ್ಲಿ ಎರಡೂ ಕಾಲು ಮುಂದಕ್ಕೆ ಚಾಚಿ ಹಿಡಿಯುತ್ತದೆ. ಕೊಕ್ಕು ಆಮೇಲೆ, ಹರಿದು ತಿನ್ನುವುದಕ್ಕೆ. ಹಿಡಿಯುವ ಆಯುಧ ಕಾಲು. ಓತಿಕ್ಯಾತ, ಇಲಿ, ಗುಬ್ಬಿ, ಅಳಿಲು, ದೊಡ್ಡ ಮಿಡತೆ, ಯಾವುದಾದರೂ ಸರಿ.

ಅಗಲವಾದ ಮೊಂಡು ರೆಕ್ಕೆ, ಉದ್ದ ಬಾಲ ಇರುವುದು ಇದಕ್ಕೇ. ಕೊಂಬೆ ಕೊಂಬೆಯ ನಡುವೆ ತಟ್ಟನೆ ತಿರುಗಬೇಕು. ಬಯಲಿನಲ್ಲಿ ಬೇಟೆಯಾಡುವ ಫಾಲ್ಕನ್‌ಗೆ ಹಾಗಲ್ಲ, ಅದರ ರೆಕ್ಕೆ ಉದ್ದ, ತುದಿ ಚೂಪು. ಪೆರೆಗ್ರಿನ್ ಫಾಲ್ಕನ್ ಮೇಲಿನಿಂದ ಧುಮುಕುವಾಗ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ನಾವು ಮಾತಿನಲ್ಲಿ ಎರಡನ್ನೂ ಗಿಡುಗ ಅಂದುಬಿಡುತ್ತೇವೆ. ಆದರೆ ಡಿಎನ್‌ಎ ಲೆಕ್ಕದಲ್ಲಿ ಫಾಲ್ಕನ್‌ಗಳು ಗಿಡುಗಕ್ಕಿಂತ ಗಿಣಿಗೆ ಹತ್ತಿರದ ಸಂಬಂಧಿಗಳು. ನೋಡುವುದಕ್ಕೆ ಒಂದೇ ಥರ ಆಗಿರುವುದು ಇಬ್ಬರೂ ಅದೇ ಕೆಲಸ ಮಾಡುವುದರಿಂದ.

[ದೃಶ್ಯ: ತೆರೆ ಎರಡು ಭಾಗ. ಎಡಕ್ಕೆ ಶಿಕ್ರಾ, ಬಲಕ್ಕೆ ಅದೇ ಬಣ್ಣದ ಇನ್ನೊಂದು ಹಕ್ಕಿ.]

ಈಗ ಬಲಗಡೆ ಇರುವ ಹಕ್ಕಿ ನೋಡಿ. ಇದು ಗಿಡುಗ ಅಲ್ಲ, ಕೋಗಿಲೆ ಜಾತಿ. ಹಾಕ್ ಕುಕೂ ಅಂತ ಹೆಸರು. ಮಳೆಗಾಲದ ಮುಂಚೆ ಹಗಲೂ ರಾತ್ರಿ ಒಂದೇ ಸಮ ಸ್ವರ ಏರಿಸುತ್ತಾ ಕೂಗುತ್ತದಲ್ಲ, ಅದೇ. ಗಡಿಯಾಚೆಯ ಮರಾಠಿ ಜನಕ್ಕೆ ಅದು ‘ಪಾವ್ಸ್ ಆಲಾ’ ಅಂದಂತೆ ಕೇಳಿಸುತ್ತದೆ, ಮಳೆ ಬಂತು ಅಂತ. ಬೂದಿ ಬೆನ್ನು, ಗೆರೆ ಎದೆ, ಪಟ್ಟಿ ಬಾಲ, ಎಲ್ಲವೂ ಶಿಕ್ರಾದ್ದೇ. ಹಾರುವ ರೀತಿ, ಕೊಂಬೆ ಮೇಲೆ ಬಂದು ಕೂತು ಬಾಲ ಅಲ್ಲಾಡಿಸುವ ರೀತಿ ಕೂಡ ಅದೇ. ಸಣ್ಣ ಹಕ್ಕಿಗಳು ಇದನ್ನು ನೋಡಿ ಗಿಡುಗ ಬಂತು ಅಂತ ಗಲಾಟೆ ಎಬ್ಬಿಸುತ್ತವೆ.

ಇದು ಮೊಟ್ಟೆ ಇಡುವುದು ಹರಟೆಮಲ್ಲಗಳ ಗೂಡಿನಲ್ಲಿ. ಹರಟೆಮಲ್ಲದ ಮೊಟ್ಟೆ ನೀಲಿ, ಇದರದ್ದೂ ನೀಲಿ. ಇಂಥ ವೇಷ ಗೂಡಿನ ಯಜಮಾನರನ್ನು ಬೆದರಿಸುವುದಕ್ಕೆ ಉಪಯೋಗಕ್ಕೆ ಬರುತ್ತದೆ ಅಂತ ಪಕ್ಷಿತಜ್ಞರು ಹೇಳುತ್ತಾರೆ. ಗುರುತಿಸಬೇಕಾದರೆ ಕೊಕ್ಕು ನೋಡಿ. ಶಿಕ್ರಾದ ಕೊಕ್ಕು ಗಿಡ್ಡ, ಕೊಕ್ಕೆಯಾಗಿ ಕೆಳಕ್ಕೆ ಬಾಗಿರುತ್ತದೆ. ಇದರದ್ದು ತೆಳ್ಳಗೆ, ಹೆಚ್ಚು ಬಾಗಿಲ್ಲ. ಕಣ್ಣಿನ ಸುತ್ತ ಹಳದಿ ಉಂಗುರ ಇರುತ್ತದೆ.

ಬಣ್ಣದಲ್ಲಿ ವೇಷ ಹಾಕುವುದು ಕೋಗಿಲೆಯಾದರೆ, ದನಿಯಲ್ಲಿ ವೇಷ ಹಾಕುವುದು ಕಾಜಾಣ. ಕಪ್ಪಗೆ, ಕವಲು ಬಾಲದ ಹಕ್ಕಿ, ದನದ ಬೆನ್ನ ಮೇಲೆ ಕೂತಿರುತ್ತದೆ. ಮೈನಾಗಳು ಹುಳ ಹೆಕ್ಕುವ ಕಡೆ ಬಂದು ಶಿಕ್ರಾದ ಥರ ಕೂಗುತ್ತದೆ. ಮೈನಾಗಳು ಹೆದರಿ ಹಾರಿದರೆ ಹುಳ ಇದಕ್ಕೆ.

[ದೃಶ್ಯ: ಎಳ್ಳಿನ ಹೊಲ. ಎಲೆ ಕೆಳಗೆ ದಪ್ಪ ಹಸಿರು ಹುಳು, ತೀರ ಹತ್ತಿರದಿಂದ.]

ಎಳ್ಳು ಹಾಕಿದ ರೈತರಿಗೆ ಈ ಹುಳು ಗೊತ್ತಿರುತ್ತದೆ. ಬೆರಳಿನಷ್ಟು ದಪ್ಪ, ಪಕ್ಕದಲ್ಲಿ ಓರೆ ಗೆರೆಗಳು, ಹಿಂಬದಿಯಲ್ಲಿ ಒಂದು ಕೊಂಬು. ಹಗಲಲ್ಲಿ ಎಲೆ ಬಣ್ಣದ ಜೊತೆ ಸೇರಿಕೊಂಡು ಕಾಣುವುದೇ ಇಲ್ಲ. ಬರೀ ದಂಟು ಉಳಿದ ಮೇಲೆ ಗೊತ್ತಾಗುತ್ತದೆ. ಇದು ಬೆಳೆದು ಆಗುವುದು ಒಂದು ದೊಡ್ಡ ಪತಂಗ. ಈ ಕುಟುಂಬದ ಪತಂಗಗಳನ್ನು ಹಾಕ್ ಮಾತ್ ಅನ್ನುತ್ತಾರೆ, ಗಿಡುಗ ಪತಂಗ. ಚೂಪು ರೆಕ್ಕೆ, ಜೋರು ಹಾರಾಟ. ಇವುಗಳಲ್ಲಿ ಹಲವು ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದ ನಾಲಿಗೆ ಚಾಚಿ ಮಕರಂದ ಹೀರುತ್ತವೆ. ಎಳ್ಳಿನ ಗಿಡುಗ ಪತಂಗದ ದಾರಿ ಬೇರೆ. ಅದು ರಾತ್ರಿ ಜೇನುಗೂಡಿಗೆ ನುಗ್ಗಿ ಜೇನು ಕುಡಿಯುತ್ತದೆ. ಬೆನ್ನ ಮೇಲೆ ತಲೆಬುರುಡೆಯಂಥ ಗುರುತು. ಕೈಯಲ್ಲಿ ಹಿಡಿದರೆ ಚೀ ಚೀ ಅಂತ ಸದ್ದು ಮಾಡುತ್ತದೆ. ಹಳ್ಳಿಯಲ್ಲಿ ಇದನ್ನು ನೋಡಿ ಅಪಶಕುನ ಅಂತ ಹೊಡೆದು ಹಾಕುವವರು ಇದ್ದಾರೆ. ಅದು ಕಚ್ಚುವುದಿಲ್ಲ, ವಿಷ ಇಲ್ಲ. ಲೈಟ್ ಆರಿಸಿ ಕಿಟಕಿ ತೆಗೆದರೆ ಹೊರಗೆ ಹೋಗುತ್ತದೆ.

[ದೃಶ್ಯ: ಮಳಖೇಡದ ಕೋಟೆ, ಕಾಗಿಣಾ ನದಿ. ನಂತರ ಬಸವಕಲ್ಯಾಣ ಕೋಟೆ.]

ಈಗ ಇತಿಹಾಸಕ್ಕೆ ಬರೋಣ. ಕಲಬುರಗಿ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅವರ ತಾಮ್ರ ಶಾಸನಗಳ ಮುದ್ರೆಯಲ್ಲಿ ಗರುಡ ಇದೆ. ನಾವು ಗರುಡ ಅಂತ ಕೈಮುಗಿಯುವ ಬಿಳಿ ತಲೆ, ಕೆಂಗಂದು ಮೈಯ ಹಕ್ಕಿ ಶಿಕ್ರಾದ ಕುಟುಂಬದ್ದೇ. ವಿಜಯನಗರ ಆಳಿದ ಸಾಳುವ ಮನೆತನದ ಹೆಸರೂ ಬೇಟೆ ಗಿಡುಗದ್ದು.

ಆದರೆ ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವುದು ಕಲ್ಯಾಣದ ಕಥೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಆಳಿದ್ದು ಸುಮಾರು 1126ರಿಂದ 1138ರವರೆಗೆ. ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಅನ್ನುವ ಗ್ರಂಥ ಬರೆದ. ಕಾಲ ಸುಮಾರು 1129. ಐದು ಭಾಗ, ಭಾಗಕ್ಕೆ 20 ವಿಷಯ, ಒಟ್ಟು 100. ರಾಜ್ಯ ನಡೆಸುವುದು ಹೇಗೆ ಅನ್ನುವುದರಿಂದ ಅಡುಗೆ, ಆನೆ, ಕುಸ್ತಿ, ಮೀನು ಹಿಡಿಯುವುದು, ಹಾಡು, ಕುಣಿತದವರೆಗೆ ಎಲ್ಲ ಇದೆ. ಅದರಲ್ಲಿ ಒಂದು ಅಧ್ಯಾಯ ‘ಶ್ಯೇನ ವಿನೋದ’. ಗಿಡುಗದ ಬೇಟೆಗೇ ಮೀಸಲಾದ ಅಧ್ಯಾಯ! ನಮ್ಮ ಬಸವಕಲ್ಯಾಣದಲ್ಲಿ ಕೂತ ರಾಜ, ಗಿಡುಗ ಬೇಟೆಯನ್ನು ಬರೆದಿಡಬೇಕಾದ ವಿದ್ಯೆ ಅಂತ ತಿಳಿದಿದ್ದ. ಶಾಲೆಯಲ್ಲಿ ನಮಗೆ ಯಾರೂ ಇದನ್ನು ಹೇಳಿಕೊಡಲಿಲ್ಲ. ಹೇಳಿಕೊಡಬೇಕಿತ್ತು.

[ದೃಶ್ಯ: ರೇಖಾಚಿತ್ರ. ತೊಗಲಿನ ಗವಸು ಹಾಕಿದ ಕೈ, ಅದರ ಮೇಲೆ ಟೋಪಿ ಹಾಕಿದ ಗಿಡುಗ.]

ಗಿಡುಗವನ್ನು ಪಳಗಿಸುವುದು ಅಂದರೆ ಏನು? ನಾಯಿ ಸಾಕಿದ ಹಾಗಲ್ಲ ಇದು. ನಾಯಿಗೆ ಯಜಮಾನನ ಪ್ರೀತಿ ಬೇಕು. ಗಿಡುಗಕ್ಕೆ ಬೇಕಾದದ್ದು ಆಹಾರ, ಹೆದರಿಕೆ ಇಲ್ಲದ ಜಾಗ. ಹೊಡೆದರೆ, ಬೈದರೆ ಅದು ಕಲಿಯುವುದೇ ಇಲ್ಲ, ಕೈ ಬಿಟ್ಟು ಹೋಗುತ್ತದೆ.

ಕಾಲಿಗೆ ಮೆತ್ತನೆ ತೊಗಲಿನ ಪಟ್ಟಿ ಕಟ್ಟುತ್ತಾರೆ, ಪೊದೆಯಲ್ಲಿ ಇಳಿದರೆ ಗೊತ್ತಾಗಲಿ ಅಂತ ಗೆಜ್ಜೆ. ಗಾಬರಿಯಾಗದಂತೆ ಕಣ್ಣು ಮುಚ್ಚುವ ತೊಗಲಿನ ಟೋಪಿ, ಇದು ಫಾಲ್ಕನ್‌ಗಳಿಗೆ ಜಾಸ್ತಿ. ಮೊದಲ ಹಂತದಲ್ಲಿ ತಾಸುಗಟ್ಟಲೆ ಕೈ ಮೇಲೆ ಕೂರಿಸಿಕೊಂಡು ಓಡಾಡಬೇಕು. ಜನ, ಕುದುರೆ, ಗದ್ದಲ ಎಲ್ಲ ಅಭ್ಯಾಸ ಆಗಬೇಕು. ಕೈ ಮೇಲೆ ಕೂತು ಮಾಂಸ ತಿನ್ನುವ ಧೈರ್ಯ ಬಂದರೆ ಅರ್ಧ ಗೆದ್ದ ಹಾಗೆ. ಆಮೇಲೆ ಒಂದು ಗೇಣು ದೂರದಿಂದ ಕೈಗೆ ಜಿಗಿಯಬೇಕು. ಆಮೇಲೆ ಒಂದು ಮಾರು. ಉದ್ದನೆ ದಾರ ಕಟ್ಟಿ ದೂರ ಹೆಚ್ಚಿಸುತ್ತಾ ಹೋಗುತ್ತಾರೆ. ಇಷ್ಟರ ಮಧ್ಯೆ ಹಕ್ಕಿಯ ತೂಕ ನೋಡುತ್ತಲೇ ಇರಬೇಕು. ಹೊಟ್ಟೆ ತುಂಬಿದ್ದರೆ ವಾಪಸ್ ಬರುವುದಿಲ್ಲ, ಹಸಿವು ಹೆಚ್ಚಾದರೆ ಸೊರಗಿ ಸಾಯುತ್ತದೆ.

ಕೊನೆಗೆ ದಾರ ಬಿಚ್ಚುವ ದಿನ ಬರುತ್ತದೆ. ಆ ದಿನ ಹಕ್ಕಿಯ ಮೇಲೆ ಯಾರ ಹಿಡಿತವೂ ಇಲ್ಲ. ಹೋಗಬೇಕು ಅಂದರೆ ಹೋಗಬಹುದು. ವಾಪಸ್ ಕೈಗೆ ಬಂದರೆ ಕಲಿಸಿದ್ದು ನಿಂತಿದೆ ಅಂತ ಅರ್ಥ. ಈ ಮಾತು ನೆನಪಿಟ್ಟುಕೊಳ್ಳಿ, ವಿಮಾನದ ಹತ್ತಿರ ಹೋದಾಗ ಬೇಕಾಗುತ್ತದೆ. ಅಂದಹಾಗೆ, ಹಿಂದೆ ಭಾರತದ ಗಿಡುಗ ಬೇಟೆಗಾರರಿಗೆ ನಮ್ಮ ಶಿಕ್ರಾ ಬಹಳ ಇಷ್ಟದ ಹಕ್ಕಿಯಾಗಿತ್ತು. ಬೇಗ ಕಲಿಯುತ್ತದೆ ಅನ್ನುವುದೇ ಕಾರಣ.

[ದೃಶ್ಯ: ದಖ್ಖನಿ ಶೈಲಿಯ ಚಿತ್ರಗಳ ಬಣ್ಣ, ಗೆರೆ. ನಂತರ ಗುರುದ್ವಾರದ ಮುಂದಿನ ಅಂಗಡಿ ಸಾಲು.]

ದಖ್ಖನಿ ಸುಲ್ತಾನರ ಚಿತ್ರಗಳಲ್ಲೂ ಈ ಹಕ್ಕಿ ಕೂತಿದೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾ ಕುದುರೆ ಏರಿ ಗಿಡುಗದ ಬೇಟೆಗೆ ಹೊರಟ ಒಂದು ಪ್ರಸಿದ್ಧ ಚಿತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. 1619ರಲ್ಲಿ ಬೀದರನ್ನು ಬಿಜಾಪುರಕ್ಕೆ ಸೇರಿಸಿಕೊಂಡ ಸುಲ್ತಾನ ಇವನೇ.

ಇನ್ನೊಂದು ಚಿತ್ರ ನೋಡಲು ರಷ್ಯಾಕ್ಕೆ ಹೋಗಬೇಕಾಗಿಲ್ಲ. ಬೀದರ್‌ನ ನಾನಕ್ ಝೀರಾ ಸಾಹಿಬ್ ಗುರುದ್ವಾರ ನಿಮಗೆ ಗೊತ್ತು. ಗುರು ನಾನಕರು ಬಂದಾಗ ಸಿಹಿನೀರು ಚಿಮ್ಮಿದ ಜಾಗ ಅನ್ನುವ ನಂಬಿಕೆ. ಸಿಖ್ಖರ ಮನೆಗಳಲ್ಲಿ, ಗುರುದ್ವಾರಗಳ ಸುತ್ತಲಿನ ಅಂಗಡಿಗಳಲ್ಲಿ ಗುರು ಗೋಬಿಂದ್ ಸಿಂಗ್ ಅವರ ಚಿತ್ರ ಇರುತ್ತದೆ. ಕೈ ಮೇಲೆ ಬಿಳಿ ಗಿಡುಗ, ಅವರ ಭಾಷೆಯಲ್ಲಿ ಬಾಜ್. ಪಂಜಾಬಿನ ರಾಜ್ಯಪಕ್ಷಿಯೂ ಬಾಜ್. 1699ರಲ್ಲಿ ಗುರುಗಳು ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಮುಂದೆ ಬಂದ ಐವರು ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. ಗುರುಗಳು ಕೊನೆಯುಸಿರೆಳೆದದ್ದು 1708ರಲ್ಲಿ, ಪಕ್ಕದ ನಾಂದೇಡ್‌ನಲ್ಲಿ. ಹಾಗಾಗಿ ಆ ಬಿಳಿ ಗಿಡುಗ ನಮ್ಮ ಊರಿಗೆ ದೂರದ್ದು ಅಂತ ನನಗೆ ಯಾವತ್ತೂ ಅನಿಸಿಲ್ಲ.

[ದೃಶ್ಯ: ಹಾಕ್ ವಿಮಾನದ ಪಕ್ಕದ ನೋಟ. ಎರಡು ಸೀಟುಗಳ ಮೇಲೆ ಗುರುತು.]

ಈಗ ವಿಮಾನ.

ಯುದ್ಧವಿಮಾನಗಳಿಗೆ ಹಕ್ಕಿ ಹೆಸರು ಇಡುವ ರೂಢಿ ಹಳೆಯದು. ಆದರೆ ಹಾಕ್ ಅಂತ ಇದ್ದದ್ದೆಲ್ಲ ಗಿಡುಗದಿಂದಲೇ ಬಂದಿದೆ ಅಂದುಕೊಳ್ಳಬೇಡಿ. ಅಮೆರಿಕದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ ಆ ಹೆಸರು ಬಂದದ್ದು ಅಲ್ಲಿನ ಮೂಲನಿವಾಸಿ ಸಾಕ್ ಜನರ ನಾಯಕನಿಂದ. ನೈಟ್‌ಹಾಕ್ ಅನ್ನುವ ವಿಮಾನದ ಹೆಸರಿನ ಹಿಂದಿರುವ ಹಕ್ಕಿ ಗಿಡುಗವೇ ಅಲ್ಲ, ರಾತ್ರಿ ಹುಳ ಹಿಡಿಯುವ ಬೇರೆ ಜಾತಿ. ರೋಲ್ಸ್ ರಾಯ್ಸ್ ಕಂಪನಿ ಹಿಂದೆ ತನ್ನ ಪಿಸ್ಟನ್ ಎಂಜಿನ್‌ಗಳಿಗೆ ಬೇಟೆ ಹಕ್ಕಿಗಳ ಹೆಸರೇ ಇಡುತ್ತಿತ್ತು. ಕೆಸ್ಟ್ರೆಲ್, ಪೆರೆಗ್ರಿನ್, ವಲ್ಚರ್. ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಮರ್ಲಿನ್ ಎಂಜಿನ್ ಹೆಸರು ಕಥೆಯ ಮಾಂತ್ರಿಕನದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅದೂ ಒಂದು ಸಣ್ಣ ಫಾಲ್ಕನ್.

ಹ್ಯಾರಿ ಹಾಕರ್ ಅಂತ ಒಬ್ಬ ಆಸ್ಟ್ರೇಲಿಯಾದ ಪೈಲಟ್ ಇದ್ದ. ಅವನ ಹೆಸರಿನಲ್ಲಿ 1920ರಲ್ಲಿ ಬ್ರಿಟನ್ನಿನಲ್ಲಿ ಕಂಪನಿ ಶುರುವಾಯಿತು. ಮರುವರ್ಷವೇ ವಿಮಾನ ಅಪಘಾತದಲ್ಲಿ ಅವನು ತೀರಿಹೋದ. ಕಂಪನಿ ಉಳಿಯಿತು. ಭಾರತಕ್ಕೆ ಆ ಮನೆಯ ವಿಮಾನಗಳು ಒಂದರ ಹಿಂದೆ ಒಂದು ಬಂದವು. ನೌಕಾಪಡೆಯ ಮೊದಲ ಜೆಟ್ ಫೈಟರ್ ಸೀ ಹಾಕ್, ಹಾಕರ್ ಕಂಪನಿಯ ವಿನ್ಯಾಸ. 1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನಿಂದ ಎದ್ದು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದ್ದು ಇದೇ. ಅದೇ ಡಿಸೆಂಬರ್‌ನಲ್ಲಿ ರಾಜಸ್ಥಾನದ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳನ್ನು ತಡೆದದ್ದು ವಾಯುಪಡೆಯ ಹಾಕರ್ ಹಂಟರ್‌ಗಳು. ಸೀ ಹಾಕ್ ಜಾಗಕ್ಕೆ 1983ರಲ್ಲಿ ಸೀ ಹ್ಯಾರಿಯರ್ ಬಂತು, 2016ರವರೆಗೆ ಇತ್ತು.

ಹ್ಯಾರಿಯರ್ ಕೂಡ ಗಿಡುಗದ ಬಳಗದ ಹಕ್ಕಿಯೇ. ಚಳಿಗಾಲದಲ್ಲಿ ನಮ್ಮ ತೊಗರಿ, ಜೋಳದ ಹೊಲಗಳ ಮೇಲೆ ನಿಧಾನವಾಗಿ, ಕೆಳಮಟ್ಟದಲ್ಲಿ ತೇಲುತ್ತಾ ಹೋಗುತ್ತದೆ, ಮಿಡತೆ ಹುಡುಕುತ್ತಾ. ಮಧ್ಯ ಏಷ್ಯಾದ ಕಝಾಕಿಸ್ತಾನದ ಕಡೆಯಿಂದ ಬರುವ ಅತಿಥಿ. ರಾತ್ರಿ ಗಿಡದ ಮೇಲೆ ಮಲಗುವುದಿಲ್ಲ, ಹುಲ್ಲುಗಾವಲಿನಲ್ಲಿ ನೆಲದ ಮೇಲೆ ಗುಂಪಾಗಿ ಮಲಗುತ್ತದೆ. ಬಯಲು ಹುಲ್ಲುಗಾವಲನ್ನು ಪಾಳು ಜಮೀನು ಅಂತ ಬರೆದು ಕೈತೊಳೆದುಕೊಂಡರೆ ಈ ಹಕ್ಕಿ ಮಲಗುವ ಜಾಗವೇ ಹೋಗುತ್ತದೆ. ನನಗೆ ಇದು ನಿಜವಾಗಿ ಸಂಕಟ ಕೊಡುವ ವಿಷಯ.

[ದೃಶ್ಯ: ರನ್‌ವೇ ಮೇಲೆ ಇಳಿಯುವ ಜೆಟ್.]

ಇನ್ನು ಬೀದರ್‌ನ ಹಾಕ್. ವಿನ್ಯಾಸ ಹಾಕರ್ ಸಿಡ್ಲಿ ಕಂಪನಿಯದ್ದು, ಮೊದಲು ಹಾರಿದ್ದು 1974ರಲ್ಲಿ. ಇದು ಭಾರತಕ್ಕೆ ಬಂದ ಕಥೆ ಬಹಳ ತಡವಾದ ಕಥೆ. ಆಗ ಹುಡುಗರು ಕಿರಣ್‌ನಂಥ ನಿಧಾನದ ಜೆಟ್‌ನಲ್ಲಿ ಕಲಿತು ನೇರ ಮಿಗ್-21 ಏರಬೇಕಿತ್ತು. ಮಿಗ್-21 ನೆಲ ಮುಟ್ಟುವಾಗಲೇ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗ. ನಡುವೆ ಒಂದು ಮೆಟ್ಟಿಲು ಬೇಕು, ಮುಂದುವರಿದ ತರಬೇತಿ ಜೆಟ್ ಬೇಕು ಅಂತ 1982ರಲ್ಲೇ ವಾಯುಪಡೆಯ ಲಾ ಫಾಂಟೇನ್ ಸಮಿತಿ ಹೇಳಿತ್ತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. 22 ವರ್ಷ! ಒಂದು ಮೆಟ್ಟಿಲು ಇಲ್ಲದೆ ಎಷ್ಟೋ ಎಳೆಯ ಪೈಲಟ್‌ಗಳು ಹಾರಿದ ವರ್ಷಗಳು ಅವು.

ಮೊದಲ ಒಪ್ಪಂದ 66 ವಿಮಾನಗಳದ್ದು. 24 ಬ್ರಿಟನ್ನಿನಿಂದ ಸಿದ್ಧವಾಗಿ ಬಂದವು, 42 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. 2008ರ ಫೆಬ್ರವರಿಯಲ್ಲಿ ಬೀದರ್ ವಾಯುನೆಲೆಯಲ್ಲಿ ಹಾಕ್ ಸೇವೆಗೆ ಸೇರಿತು. ಉದ್ದ 12 ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ರೆಕ್ಕೆಯ ಹರವು ಸುಮಾರು 10 ಮೀಟರ್. ಒಂದೇ ಎಂಜಿನ್, ಹೆಸರು ಅಡೂರ್. ರೋಲ್ಸ್ ರಾಯ್ಸ್ ಜೆಟ್ ಎಂಜಿನ್‌ಗಳ ಕಾಲಕ್ಕೆ ಹಕ್ಕಿ ಬಿಟ್ಟು ನದಿಗಳ ಹೆಸರು ಹಿಡಿಯಿತು. ಅಡೂರ್ ಫ್ರಾನ್ಸಿನ ಒಂದು ನದಿ.

ಸೀಟುಗಳನ್ನು ನೋಡಿ. ಒಂದರ ಹಿಂದೆ ಒಂದು. ಮುಂದೆ ಕಲಿಯುವವರು, ಹಿಂದೆ ಕಲಿಸುವವರು. ಹಿಂದಿನ ಸೀಟು ಎತ್ತರದಲ್ಲಿದೆ, ಕಲಿಯುವವರ ತಲೆ ಮೇಲಿಂದ ರನ್‌ವೇ ಕಾಣಲಿ ಅಂತ. ಕಲಿಸುವವರ ಕೈಯಲ್ಲೂ ಪೂರ್ತಿ ಕಂಟ್ರೋಲ್ ಇರುತ್ತದೆ, ತಪ್ಪಾದರೆ ಹಿಡಿದುಕೊಳ್ಳಬಹುದು. ದಿನ ಕಳೆದ ಹಾಗೆ ಅವರ ಮಾತು, ಕೈ ಎರಡೂ ಕಡಿಮೆಯಾಗುತ್ತಾ ಹೋಗಬೇಕು. ಒಂದು ದಿನ ಹಿಂದಿನ ಸೀಟು ಖಾಲಿ. ಮುಂದಿನವರು ಒಬ್ಬರೇ ಎದ್ದು, ಒಬ್ಬರೇ ಇಳಿಯಬೇಕು. ಸೋಲೋ ಅನ್ನುತ್ತಾರೆ. ಕಲ್ಯಾಣದ ಬಯಲಿನಲ್ಲಿ ದಾರ ಬಿಚ್ಚಿದ ದಿನ ಅಂದೆನಲ್ಲ, ಅದೇ ದಿನ ಇದು. ಕಲಿಸಿದವರು ಕೆಳಗೆ ನಿಂತು ನೋಡುವುದು ಬಿಟ್ಟರೆ ಮಾಡುವುದೇನೂ ಇಲ್ಲ.

ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡದ ತವರೂ ಬೀದರ್. 1996ರಲ್ಲಿ ಕಿರಣ್ ವಿಮಾನಗಳ ಜೊತೆ ಶುರುವಾಯಿತು, 2011ರಲ್ಲಿ ನಿಂತಿತು, 2015ರಲ್ಲಿ ಹಾಕ್ ಜೊತೆ ಮತ್ತೆ ಎದ್ದಿತು. ಒಂಬತ್ತು ವಿಮಾನ ಒಟ್ಟಿಗೆ ಹಾರುವ ಆ ಕೆಂಪು ಬಿಳಿ ಸಾಲು ದೇಶವೆಲ್ಲ ನೋಡುವುದು ಏರ್ ಶೋ ದಿನ. ಅಭ್ಯಾಸದ ಹಾರಾಟ ನಮ್ಮ ತಲೆ ಮೇಲೆ.

[ದೃಶ್ಯ: ಊರ ಹೊರಗೆ ಎಸೆದ ತ್ಯಾಜ್ಯ, ಮೇಲೆ ಸುತ್ತುವ ಹದ್ದುಗಳು.]

ಕೊನೆಗೆ ಒಂದು ಕೆಲಸದ ವಿಷಯ. ಹಾಕ್‌ಗೆ ಇರುವುದು ಒಂದೇ ಎಂಜಿನ್ ಅಂದೆ. ಅದರೊಳಗೆ ಒಂದು ಹದ್ದು ಹೊಕ್ಕರೆ ವಿಮಾನವೇ ಹೋಗಬಹುದು, ಒಳಗಿನವರ ಜೀವವೂ. ಹದ್ದು ಸುಮ್ನೆ ಬರುವುದಿಲ್ಲ. ಕೋಳಿ, ಕುರಿ ಮಾಂಸದ ತ್ಯಾಜ್ಯ ಬಯಲಲ್ಲಿ ಬಿದ್ದ ಕಡೆ ಬರುತ್ತದೆ. ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಇಂಥ ತ್ಯಾಜ್ಯವನ್ನು ಹಕ್ಕಿ ಸೇರುವ ಹಾಗೆ ಎಸೆಯುವುದು ನಿಯಮದ ಪ್ರಕಾರ ಅಪರಾಧ. ಬೀದರ್ ಊರು ಪೂರ್ತಿ ಆ ಸುತ್ತಿನೊಳಗೇ ಬರುತ್ತದೆ. ಅಂಗಡಿಯವರಾಗಲಿ, ಮದುವೆ ಅಡುಗೆ ಮುಗಿಸಿದವರಾಗಲಿ, ತ್ಯಾಜ್ಯವನ್ನು ರಸ್ತೆ ಬದಿ ಸುರಿಯಬೇಡಿ. ಮುಚ್ಚಿದ ಗಾಡಿಗೆ ಕೊಡಿ, ಇಲ್ಲವೇ ಗುಂಡಿ ತೆಗೆದು ಹೂಳಿ.

ಸಂಕ್ರಾಂತಿಗೆ ಗಾಳಿಪಟ ಹಾರಿಸುವವರು ನೈಲಾನ್ ಮಾಂಜಾ ತರಬೇಡಿ. ಅದು ಹಕ್ಕಿಯ ರೆಕ್ಕೆಯನ್ನು ಮೂಳೆಯವರೆಗೆ ಕೊಯ್ಯುತ್ತದೆ. ಗಿಡುಗದ ಮರಿ ಕೆಳಗೆ ಬಿದ್ದದ್ದು ಸಿಕ್ಕರೆ ಮನೆಗೆ ತಂದು ಹಾಲು ಕುಡಿಸಬೇಡಿ. ಅದಕ್ಕೆ ಹಾಲು ಆಗುವುದಿಲ್ಲ, ಮತ್ತೆ ಗಿಡುಗ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಾಯ ಇಲ್ಲದಿದ್ದರೆ ಹತ್ತಿರದ ಕೊಂಬೆ ಮೇಲೆ ಇಟ್ಟು ದೂರ ಸರಿಯಿರಿ, ತಾಯಿ ನೋಡಿಕೊಳ್ಳುತ್ತದೆ. ಗಾಯ ಇದ್ದರೆ ತೂತು ಇರುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಶಿಕ್ರಾ, ಹ್ಯಾರಿಯರ್, ಎಳ್ಳಿನ ಪತಂಗ, ಯಾವುದರ ಫೋಟೋ ಇದ್ದರೂ ಊರು, ತಿಂಗಳು ಬರೆದು ಕಾಮೆಂಟ್‌ನಲ್ಲಿ ತಿಳಿಸಿ. ಗೂಡು ಇರುವ ಜಾಗ ಮಾತ್ರ ಬರೆಯಬೇಡಿ. ವಾಯುನೆಲೆಯ ಫೋಟೋ, ವಿಡಿಯೋ ಕೂಡ ಕಳಿಸಬೇಡಿ.